ಚುಕ್ಕಿ ಲೆಕ್ಕ, ಬೀದಿ ರಂಗೋಲಿ

ಮಕ್ಕಳೇ, ಮೊದಲು ಒಂದು ಲೆಕ್ಕ. ಸಾಲಾಗಿ 15 ಚುಕ್ಕಿ ಇಡಿ. ಅದರ ಮೇಲಿನ ಸಾಲಿನಲ್ಲಿ, ಎರಡು ಚುಕ್ಕಿಗಳ ಸಂದಿಗೊಂದರಂತೆ 14. ಆಮೇಲೆ 13. ಹೀಗೆ ಕಡಿಮೆ ಮಾಡುತ್ತಾ 8ಕ್ಕೆ ನಿಲ್ಲಿಸಿ. ಕೆಳಗಡೆಯೂ ಹಾಗೆಯೇ. ಒಟ್ಟು ಚುಕ್ಕಿ ಎಷ್ಟು? ಉತ್ತರ ಕೊನೆಯಲ್ಲಿ ಹೇಳುತ್ತೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಬೇರೆ ಹೇಗೆ ತಾನೆ ಮಾತು ಶುರು ಮಾಡಿಯಾನು!

ನಾನು ಹುಟ್ಟಿದ್ದು ಗುಬ್ಬಿಯಲ್ಲಿ. ಗುಬ್ಬಿ ಎಂದರೆ ಎಲ್ಲರಿಗೂ ವೀರಣ್ಣನವರ ನಾಟಕ ಕಂಪನಿಯೇ ನೆನಪು. ನಮ್ಮಮ್ಮನೂ ಆ ಊರಿನಿಂದ ಒಂದು ಕಲೆ ತಂದಿದ್ದರು. ಅದಕ್ಕೆ ಪರದೆಯೂ ಇಲ್ಲ, ಟಿಕೆಟ್ಟೂ ಇಲ್ಲ. ಅದು ರಂಗೋಲಿ.

ಬಿ.ಕಾಂ. ಮುಗಿಸಿದ ಮೇಲೆ ನನಗೆ ಕುಣಿಗಲ್ ಶಾಖೆಯಲ್ಲಿ ಕೆಲಸ ಸಿಕ್ಕಿತು. ತುಮಕೂರಿನ ಚಿಕ್ಕಪೇಟೆಯಲ್ಲಿ ಬಾಡಿಗೆ ಮನೆ ಹಿಡಿದೆವು. ಧನುರ್ಮಾಸದ ಚಳಿಯಲ್ಲಿ ಬೆಳಗಿನ ಬಸ್ಸಿಗೆ ಹೊರಟರೆ ಬೀದಿ ತುಂಬ ರಂಗೋಲಿ. ಕಾಲಿಡಲು ಜಾಗ ಹುಡುಕಬೇಕು.

ಸಂಕ್ರಾಂತಿಯ ಹಿಂದಿನ ರಾತ್ರಿಯಂತೂ ಕೇಳಲೇಬೇಡಿ. ಊಟ ಮುಗಿಸಿ ಹೆಂಗಸರೆಲ್ಲ ಹೊರಗೆ ಬರುತ್ತಿದ್ದರು. ಗುಡಿಸಿ, ಸಗಣಿಯಿಂದ ಸಾರಿಸಿ, ಬೀದಿದೀಪದ ಬೆಳಕಿನಲ್ಲಿ ಚುಕ್ಕಿ ಇಡುತ್ತಿದ್ದರು. ಯಾರೂ ಸಭೆ ಕರೆದಿರಲಿಲ್ಲ, ಬಹುಮಾನವೂ ಇರಲಿಲ್ಲ. ಒಬ್ಬರ ಬಳ್ಳಿ ಹಬ್ಬಿ ಪಕ್ಕದ ಮನೆಯ ಕಮಲ ಮುಟ್ಟುವುದು, ಆ ಕಮಲದ ಅಂಚಿಗೆ ಎದುರುಮನೆಯವರು ಒಂದು ನವಿಲು ಕೂರಿಸುವರು. ಅರಿಶಿನ, ಕುಂಕುಮ, ಕೆಮ್ಮಣ್ಣು, ಇದ್ದಿಲ ಪುಡಿ, ಇವೇ ಬಣ್ಣಗಳು. ಸೈಕಲ್ಲು, ದನ ಬಾರದಂತೆ ಹುಡುಗರ ಕಾವಲು. ಬೆಳಗಾಗುವ ಹೊತ್ತಿಗೆ ಯಾವ ರಂಗೋಲಿ ಯಾರ ಮನೆಯದೆಂದು ಹೇಳಲು ಆಗುತ್ತಿರಲಿಲ್ಲ.

1979ರ ಡಿಸೆಂಬರಿನಲ್ಲಿ ಅಮ್ಮ ತೀರಿಕೊಂಡರು. ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಆ ಸಂಕ್ರಾಂತಿಗೆ ಎರಡೂ ಕಡೆಯ ಬಳ್ಳಿಗಳು ನಮ್ಮ ಗೋಡೆಯ ತನಕ ಬಂದು ನಿಂತಿದ್ದವು. ನಡುವೆ ಬರೀ ನೆಲ. ಅಪ್ಪ ಜಗಲಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದರು.

ಮರುವರ್ಷ ಮನೆಯಲ್ಲಿ ಇದ್ದವರು ಅಪ್ಪ, ನಾನು ಇಬ್ಬರೇ. ಈ ಸಲವೂ ಬಾಗಿಲ ಮುಂದೆ ಖಾಲಿಯೇ ಎಂದುಕೊಂಡು ರಾತ್ರಿ ಕುಣಿಗಲ್‌ನಿಂದ ಬಂದೆ. ನೋಡಿದರೆ ಯಾರೋ ನೆಲ ಸಾರಿಸಿಟ್ಟಿದ್ದಾರೆ! ಎದುರುಮನೆಯ ಅಜ್ಜಿ ರಂಗೋಲಿ ಡಬ್ಬಿ ಹಿಡಿದು ನಿಂತಿದ್ದರು.

"ಬಾರಪ್ಪ. ನಿಮ್ಮಮ್ಮನ ಹದಿನೈದು ಚುಕ್ಕಿ ರಂಗೋಲೀನ ನಾವ್ಯಾರೂ ಪೂರ್ತಿ ಕಲೀಲಿಲ್ಲ. ದಿನಾ ನೋಡ್ತಿದ್ದೋನು ನೀನು. ನೀನೇ ಇಡು."

"ಗಂಡಸು ರಂಗೋಲಿ ಹಾಕೋದಾ ಅಜ್ಜಿ?" ಎಂದು ನಾಚಿದೆ.

"ಲೆಕ್ಕ ಬರೆಯೋ ಕೈಗೆ ಚುಕ್ಕಿ ಬರಲ್ವಾ?" ಎಂದರು.

ಕೂತೆ. ಚುಕ್ಕಿಗಳು ಸೊಟ್ಟಗಾದವು. ಸುತ್ತಿನ ಎಳೆಯೇನೋ ನೆನಪಿತ್ತು; ನಡುವಿನ ಹೂವು ಮಾತ್ರ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಆಗ ಅಕ್ಕಪಕ್ಕದ ಹೆಂಗಸರು ಬಂದು ಒಬ್ಬೊಬ್ಬರು ಒಂದೊಂದು ಎಸಳು ಎಳೆದರು. ಅಪ್ಪ ಏನೂ ಮಾತಾಡದೆ ಒಳಗೆ ಹೋಗಿ ಅಮ್ಮನ ಕುಂಕುಮದ ಬಟ್ಟಲು ತಂದು ನನ್ನ ಕೈಗಿಟ್ಟರು. ಅದು ಅಮ್ಮ ಹಾಕುತ್ತಿದ್ದ ರಂಗೋಲಿಯಾಗಲಿಲ್ಲ, ನಮ್ಮ ಬೀದಿಯ ರಂಗೋಲಿಯಾಯಿತು. ಎರಡೂ ಕಡೆಯ ಬಳ್ಳಿಗಳು ಬಂದು ಅದಕ್ಕೆ ಸೇರಿಕೊಂಡವು.

ಈಗ ಮನೆಗಳ ಮುಂದೆ ಕಾರು ನಿಂತಿವೆ, ಹೊಸ್ತಿಲಿಗೆ ಸ್ಟಿಕ್ಕರ್ ರಂಗೋಲಿ ಬಂದಿದೆ. ನಾನು ದೂರುವುದಿಲ್ಲ. ಬೆಳಗಾದರೆ ಕೆಲಸಕ್ಕೆ ಓಡುವವರಿಗೆ ಅಷ್ಟಾದರೂ ಇರಲಿ. ಆದರೆ ಅಂಟಿಸಿದ ಬಳ್ಳಿ ಪಕ್ಕದ ಮನೆಗೆ ಹಬ್ಬುವುದಿಲ್ಲ.

ಅಜ್ಜಿಯಂದಿರೇ, ನಿಮ್ಮ ರಂಗೋಲಿಗಳನ್ನು ಮೊಮ್ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಸಿಡಿ. ನಡುವಿನ ಹೂವನ್ನು ಮರೆಯಬೇಡಿ. ಮೊಮ್ಮಗನಿಗೂ ಕಲಿಸಿ.

ಮಕ್ಕಳೇ, ಲೆಕ್ಕದ ಉತ್ತರ 169. ನಂಬಿಕೆ ಬಾರದಿದ್ದರೆ ಸೀಮೆಸುಣ್ಣ ತಂದು ಮನೆ ಮುಂದೆ ಇಟ್ಟು ಎಣಿಸಿ. ಪಕ್ಕದ ಮನೆಯ ಮಕ್ಕಳನ್ನೂ ಕರೆಯಿರಿ.