ನಿಮಗಿದು ಗೊತ್ತೆ? ಕಾಗೆ ಕಪ್ಪೆನ್ನಲು ಟೊಮೆಟೊ ಸಾಕ್ಷಿ!

ನಿಮ್ಮ ತರಕಾರಿ ಬುಟ್ಟಿಯ ಕೆಂಪು ಟೊಮೆಟೊ, ಕಾಗೆಗಳೆಲ್ಲ ಕಪ್ಪು ಎಂಬುದಕ್ಕೆ ಪುರಾವೆ! ತಮಾಷೆಯಲ್ಲ, ಶುದ್ಧ ತರ್ಕ.

‘ಎಲ್ಲ ಕಾಗೆಗಳೂ ಕಪ್ಪು’ ಅಂದರೂ ಒಂದೇ, ‘ಕಪ್ಪಲ್ಲದ್ದು ಯಾವುದೂ ಕಾಗೆಯಲ್ಲ’ ಅಂದರೂ ಒಂದೇ. ಕಪ್ಪು ಕಾಗೆಯೊಂದು ಕಂಡರೆ ಮೊದಲ ಮಾತಿಗೆ ಬಲ ಬರುತ್ತದೆ. ಹಾಗಿದ್ದರೆ ಕಪ್ಪೂ ಅಲ್ಲದ, ಕಾಗೆಯೂ ಅಲ್ಲದ ವಸ್ತು ಕಂಡರೆ ಎರಡನೆಯದಕ್ಕೆ ಬಲ ಬರಬೇಕಲ್ಲ? ಎರಡೂ ಒಂದೇ ಅಂದಮೇಲೆ, ಟೊಮೆಟೊ ನೋಡಿದವರು ಕಾಗೆಯ ಬಣ್ಣಕ್ಕೂ ಸಾಕ್ಷಿ ಹೇಳಿದಂತೆಯೇ. ಕಿಟಕಿ ತೆರೆಯದೆ, ಅಡುಗೆಮನೆಯಲ್ಲೇ ಪಕ್ಷಿವೀಕ್ಷಣೆ!

ಈ ತೊಡಕನ್ನು ಮುಂದಿಟ್ಟವರು ಜರ್ಮನಿ ಮೂಲದ ತತ್ತ್ವಜ್ಞಾನಿ ಕಾರ್ಲ್ ಹೆಂಪೆಲ್. 1945ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ ಅವರು ಕೊಟ್ಟ ಉದಾಹರಣೆಗಳು ಕೆಂಪು ಪೆನ್ಸಿಲ್, ಹಸಿರು ಎಲೆ, ಹಳದಿ ಹಸು. ವಿಚಿತ್ರವೆನಿಸಿದರೂ ತೀರ್ಮಾನ ಸರಿಯೇ ಎಂದು ಅವರು ಪಟ್ಟುಹಿಡಿದರು.

ಪುರಾವೆ ಹೌದು, ಆದರೆ ಸಾಸಿವೆ ಕಾಳಿನಷ್ಟೂ ತೂಕವಿಲ್ಲದ್ದು ಎನ್ನುತ್ತಾರೆ ಸಂಭವನೀಯತೆಯ ಲೆಕ್ಕ ಹಾಕುವವರು. ಕಪ್ಪಲ್ಲದ ವಸ್ತುಗಳಿಗೆ ಜಗತ್ತಿನಲ್ಲಿ ಲೆಕ್ಕವಿದೆಯೇ? ಅಮೆರಿಕದ ತತ್ತ್ವಜ್ಞಾನಿ ಡಬ್ಲ್ಯು.ವಿ. ಕ್ವೈನ್ ಇದನ್ನೂ ಒಪ್ಪಲಿಲ್ಲ. ‘ಕಾಗೆಯಲ್ಲದ್ದು’ ಎಂಬುದು ಒಂದು ಜಾತಿಯೇ ಅಲ್ಲ, ಅದರಿಂದ ಪುರಾವೆ ಹುಟ್ಟದು ಎಂಬುದು ಅವರ ವಾದ. ಪುರಾವೆ ಅಂದರೇನು ಎಂಬ ಜಗಳ ಇನ್ನೂ ಮುಗಿದಿಲ್ಲ.

ಅಂದಹಾಗೆ, ಹೆಂಪೆಲ್ ಹೇಳಿದ್ದು ಮೈಯೆಲ್ಲ ಕಪ್ಪಾದ ‘ರೇವನ್’ ಕಾಗೆಯ ಬಗ್ಗೆ. ನಮ್ಮ ಊರುಕಾಗೆಯ ಕುತ್ತಿಗೆ ಬೂದು ಬಣ್ಣದ್ದು!