ಬಂಡೆಯ ಮೇಲಿನ ‘ಅಸೋಕ’

ಸಿಂಧನೂರು ಸೀಮೆಯ ಗೊರೇಬಾಳದಂಥ ಊರುಗಳಲ್ಲಿ ಮಕ್ಕಳ ಹೆಸರು ಕೇಳಿದರೆ ಸಾಕು, ಆ ಮನೆಯವರು ಯಾವ ಜಾತ್ರೆಗೆ ನಡೆದುಕೊಳ್ಳುತ್ತಾರೆಂಬುದು ತಿಳಿದುಬಿಡುತ್ತದೆ. ಅಮರೇಶನೆಂದರೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟೆಯ ಅಮರೇಶ್ವರನ ಒಕ್ಕಲು. ಮೌನೇಶನೆಂದರೆ ಕೃಷ್ಣೆಯ ದಂಡೆಯ ತಿಂಥಣಿಗೆ ಹರಕೆ ಹೊತ್ತ ಮನೆಯವನು. ಹುಲಿಗೆಮ್ಮ ತುಂಗಭದ್ರೆಯ ಮಗ್ಗುಲಲ್ಲಿರುವ ಹುಲಿಗಿಯ ದೇವಿಯ ಹೆಸರು ಹೊತ್ತವಳು. ಹುಸೇನಪ್ಪನೋ, ಮೊಹರಮ್ಮಿನ ಅಲಾಯಿ ದೇವರಿಗೆ ಬೇಡಿಕೊಂಡು ಪಡೆದ ಹಿಂದೂ ಮನೆಯ ಮಗ. ಇಲ್ಲಿ ಹೆಸರೆಂದರೆ ಬರೀ ಕರೆಯುವುದಕ್ಕಲ್ಲ, ತೀರಿಸಬೇಕಾದ ಋಣ.

ಈ ಸಾಲಿನಲ್ಲಿ ಅಶೋಕ ಎಂಬ ಹೆಸರು ಮಾತ್ರ ತುಸು ಬೇರೆ. ಆ ಹೆಸರಿಗೆ ಇಲ್ಲಿ ಗುಡಿಯಿಲ್ಲ, ತೇರಿಲ್ಲ, ಜಾತ್ರೆಯಿಲ್ಲ. ಇರುವುದು ಮಸ್ಕಿಯ ಗುಡ್ಡದಲ್ಲೊಂದು ಬಂಡೆ. ಆದರೆ ಆ ಬಂಡೆ ಮಾಡಿದ ಕೆಲಸವನ್ನು ಯಾವ ಗುಡಿಯೂ ಮಾಡಿಲ್ಲ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬರೀ ಬಿರುದುಗಳ ಹಿಂದೆ ಮರೆಯಾಗಿದ್ದ ಒಬ್ಬ ಮನುಷ್ಯನಿಗೆ ಅದು ಅವನ ಹೆಸರನ್ನು ಮರಳಿ ಕೊಟ್ಟಿತು.

ಬಿರುದಿನ ಹಿಂದಿನ ಮನುಷ್ಯ

ಕ್ರಿ.ಪೂ. ಮೂರನೆಯ ಶತಮಾನದ ಮೌರ್ಯ ದೊರೆ ಭರತಖಂಡದ ಉದ್ದಗಲಕ್ಕೂ ಬಂಡೆ, ಕಂಬಗಳ ಮೇಲೆ ತನ್ನ ಮಾತುಗಳನ್ನು ಕೆತ್ತಿಸಿದ. ಆದರೆ ಅವುಗಳಲ್ಲಿ ಆತ ತನ್ನನ್ನು ಕರೆದುಕೊಂಡದ್ದು ‘ದೇವಾನಂಪಿಯ’ ಎಂದು, ಅಂದರೆ ದೇವರುಗಳಿಗೆ ಪ್ರಿಯನಾದವನು. ಇಲ್ಲವೆ ‘ಪಿಯದಸಿ’ ಎಂದು, ಅಂದರೆ ಪ್ರೀತಿಯಿಂದ ಕಾಣುವವನು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮಿ ಅಕ್ಷರಗಳನ್ನು ಓದುವ ದಾರಿ ಕಂಡುಕೊಂಡಾಗ ಎದುರಾದ ಪ್ರಶ್ನೆ ಒಂದೇ: ಈ ಪಿಯದಸಿ ಯಾರು? ಲಂಕೆಯ ದೊರೆಯಿರಬಹುದೆಂದು ಪ್ರಿನ್ಸೆಪ್ ಮೊದಲಿಗೆ ಭಾವಿಸಿದ್ದ. ಲಂಕೆಯಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥ ‘ದೀಪವಂಸ’ವನ್ನು ನೋಡಿ, ಪಿಯದಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕನೇ ಎಂದು ತಿಳಿಸಿದ.

ಊಹೆ ಸರಿಯಾಗಿಯೇ ಇತ್ತು. ಗಿರಿನಾರದ ಬಂಡೆಯ ಮೇಲೆ ಕ್ರಿ.ಶ. 150ರ ಸುಮಾರಿಗೆ ಶಕ ದೊರೆ ರುದ್ರದಾಮ ಕೆತ್ತಿಸಿದ ಶಾಸನದಲ್ಲೂ ಮೌರ್ಯ ಅಶೋಕನ ಪ್ರಸ್ತಾಪವಿದೆ. ಆದರೆ ಧರ್ಮದ ಮಾತನ್ನು ಕೆತ್ತಿಸಿದವನು ತಾನೇ ಬಾಯಿಬಿಟ್ಟು ತನ್ನ ಹೆಸರು ಹೇಳಿದ ಕಲ್ಲು ಮಾತ್ರ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು 1915ರಲ್ಲಿ, ಮಸ್ಕಿಯಲ್ಲಿ. ಆಗ ಈ ಸೀಮೆಯೆಲ್ಲ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಚಿನ್ನದ ಗಣಿಗೆ ಸಂಬಂಧಿಸಿದ ಎಂಜಿನಿಯರ್ ಸಿ. ಬೀಡನ್ ಎಂಬಾತನ ಕಣ್ಣಿಗೆ ಈ ಬರಹ ಬಿತ್ತು. ವಿದ್ವಾಂಸ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಮೊದಲ ಸಾಲಿನಲ್ಲೇ ‘ದೇವಾನಂಪಿಯಸ ಅಸೋಕಸ’ ಎಂದಿತ್ತು. ದೇವಾನಂಪಿಯನಾದ ಅಶೋಕನ ಮಾತು ಎಂದು ಅರ್ಥ. ಚಿನ್ನದ ನೆಲದಲ್ಲಿ ಸಿಕ್ಕಿದ್ದು ಮೂರಕ್ಷರದ ಒಂದು ಹೆಸರು. ಚರಿತ್ರೆಯ ಮಟ್ಟಿಗೆ ಅದು ಅಪರಂಜಿಯೇ.

ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೋಳಗಳಲ್ಲಿ ಅಶೋಕನ ಹೆಸರಿರುವ ಅವನವೇ ಶಾಸನಗಳು ದೊರೆತವು. ಹೆಸರು ಹೇಳುವ ಈ ನಾಲ್ಕರಲ್ಲಿ ಮೂರು ಕರ್ನಾಟಕದವೇ. ನಿಟ್ಟೂರು, ಉದೆಗೋಳಗಳಂತೂ ಸಿಂಧನೂರು ತಾಲ್ಲೂಕಿನವರಿಗೆ ತುಂಗಭದ್ರೆ ದಾಟಿದರೆ ಸಿಗುವ ಸೀಮೆಯವು. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪದ ಅವಶೇಷಗಳಲ್ಲಿ ರಾಣಿಯೊಡನೆ ನಿಂತ ದೊರೆಯ ಉಬ್ಬುಶಿಲ್ಪವೊಂದಿದೆ. ಅದರ ಮೇಲೆ ‘ರಾಯೋ ಅಸೋಕೋ’ ಎಂದು ಬರೆದಿದೆ. ದೂರದ ಪಾಟಲಿಪುತ್ರದ ದೊರೆಯನ್ನು ಹೆಸರು ಹಿಡಿದು ನೆನೆದ ನಾಡು ಇದು.

ಸಣ್ಣವನಿಗೂ ಸಾಧ್ಯ

ಹಾಗಾದರೆ ಮಸ್ಕಿಯ ಬಂಡೆ ಹೆಸರಿನ ಜೊತೆಗೆ ಹೇಳುವುದೇನು? ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷವಾಯಿತು ಎಂದು ದೊರೆ ಮೊದಲು ತನ್ನ ಲೆಕ್ಕ ಒಪ್ಪಿಸುತ್ತಾನೆ. ಸಂಘವನ್ನು ಸೇರಿದ ಮೇಲೆ ಹೆಚ್ಚು ಶ್ರದ್ಧೆಯಿಂದ ನಡೆದುಕೊಂಡೆನೆನ್ನುತ್ತಾನೆ. ಆಮೇಲೆ ಬರುವುದೇ ತಿರುಳು: ಧರ್ಮದಿಂದ ನಡೆದರೆ ಸಣ್ಣ ಮನುಷ್ಯನೂ ಈ ಎತ್ತರವನ್ನು ಮುಟ್ಟಬಲ್ಲ, ದೊಡ್ಡವರಿಗಷ್ಟೇ ಇದು ಸಾಧ್ಯವೆಂದು ಯಾರೂ ತಿಳಿಯಬಾರದು, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು.

ಕಳಿಂಗದಲ್ಲಿ ಲಕ್ಷ ಜನರ ಸಾವಿಗೆ ಕಾರಣನಾಗಿ, ಆ ಪಶ್ಚಾತ್ತಾಪವನ್ನು ಬೇರೊಂದು ಶಾಸನದಲ್ಲಿ ಬಹಿರಂಗವಾಗಿ ಹೇಳಿಕೊಂಡವನ ಹೆಸರಿಗೆ ‘ಶೋಕವಿಲ್ಲದವನು’ ಎಂಬ ಅರ್ಥ! ಅವನನ್ನು ಹೆತ್ತ ತಾಯಿ ತನ್ನ ದುಃಖ ತೀರಿತೆಂದು ಈ ಹೆಸರಿಟ್ಟಳೆಂದು ಬೌದ್ಧ ಕಥೆ ‘ಅಶೋಕಾವದಾನ’ ಹೇಳುತ್ತದೆ. ಹೆಸರಿನ ಹಾರೈಕೆಗೂ ಬದುಕಿನ ನಡೆಗೂ ನಡುವೆ ಇರುವ ದೂರವನ್ನು ಅವನಷ್ಟು ಅನುಭವಿಸಿದವರು ವಿರಳ.

ಹೆಸರು ಹೊತ್ತವರು

ಅರಸನ ಹೆಸರು ಇಪ್ಪತ್ತನೆಯ ಶತಮಾನದಲ್ಲಿ ಮನೆಮನೆಯ ಹೆಸರಾಯಿತು. ಮಸ್ಕಿಯ ಶಾಸನ ಸಿಗುವುದಕ್ಕೆ ನಾಲ್ಕು ವರ್ಷ ಮೊದಲೇ, 1911ರಲ್ಲಿ ಭಾವನಗರದಲ್ಲಿ ಹುಟ್ಟಿದವರು ಸಮಾಜವಾದಿ ನಾಯಕ ಅಶೋಕ ಮೆಹ್ತಾ. ಅವರ ಅಧ್ಯಕ್ಷತೆಯ ಸಮಿತಿ 1978ರಲ್ಲಿ ಪಂಚಾಯತ್ ರಾಜ್ ಕುರಿತು ವರದಿ ಕೊಟ್ಟಿತು. ‘ಮಂಡಲ ಪಂಚಾಯಿತಿ’ ಎಂಬ ಮಾತು ಅದರಲ್ಲಿತ್ತು. ಕರ್ನಾಟಕದ 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗ ಹಳ್ಳಿಯ ಕಟ್ಟೆಗಳಲ್ಲಿ ಆ ಮಾತು ರೂಢಿಗೆ ಬಂತು. ಸಣ್ಣವರ ಕೈಗೂ ಅಧಿಕಾರ ಬರಲೆಂದು ಕೆಲಸ ಮಾಡಿದ ಅಶೋಕ ಇವರು.

ಅದೇ 1911ರಲ್ಲಿ ಬಿಹಾರದ ಭಾಗಲ್ಪುರದಲ್ಲಿ ಹುಟ್ಟಿದ ಕುಮುದಲಾಲ ಗಂಗೂಲಿ 1936ರಲ್ಲಿ ‘ಜೀವನ್ ನಯ್ಯಾ’ ಚಿತ್ರದ ಹೊತ್ತಿಗೆ ಅಶೋಕ ಕುಮಾರ್ ಆದರು. ದೇಶ ಸ್ವತಂತ್ರವಾದಾಗ ಸಾರಾನಾಥದ ಸ್ತಂಭದ ಚಕ್ರ ಬಾವುಟಕ್ಕೆ ಬಂತು. ಅದೇ ಸ್ತಂಭದ ಸಿಂಹಗಳು 1950ರಲ್ಲಿ ರಾಷ್ಟ್ರಲಾಂಛನವಾದವು. 1948ರಲ್ಲಿ ಮದರಾಸಿನಲ್ಲಿ ರಘುನಂದನ ಶರಣ್ ಮೋಟಾರು ಕಂಪನಿಯೊಂದನ್ನು ಕಟ್ಟಿ ಅದಕ್ಕೆ ತಮ್ಮ ಮಗ ಅಶೋಕನ ಹೆಸರಿಟ್ಟರು. ಅದೇ ಮುಂದೆ ಅಶೋಕ್ ಲೇಲ್ಯಾಂಡ್ ಆಯಿತು. ಬಸ್ಸಿನ ಮೂತಿಯ ಮೇಲೆ ಕಾಣುವ ಹೆಸರು ಚಕ್ರವರ್ತಿಯದೆಂದು ತಿಳಿದವರೇ ಬಹಳ. ಅದು ಒಬ್ಬ ತಂದೆ ತನ್ನ ಮಗನಿಗೆ ಕೊಟ್ಟ ಮುದ್ದಿನ ಕಾಣಿಕೆ.

ಕನ್ನಡದಲ್ಲೂ ಅಶೋಕರಿಗೆ ಬರವಿಲ್ಲ. ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ಯಲ್ಲಿ (1981) ಅಭಿನಯಿಸಿದ ನಟ ಅಶೋಕ್ ಇದ್ದಾರೆ, ಸಾಗರದ ವಿಮರ್ಶಕ ಟಿ.ಪಿ. ಅಶೋಕ ಇದ್ದಾರೆ. 2016ರಲ್ಲಿ ತೀರಿಕೊಂಡ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಅವರಿಗಂತೂ ಹೆಸರೇ ವೃತ್ತಿಯಾಗಿತ್ತು: ಅಶೋಕನೆಂಬುವರು ಜೀವಮಾನವಿಡೀ ಮಾಡಿದ್ದು ಪರರ ಶೋಕವನ್ನು ಕೇಳುವ ಕೆಲಸ.

ಮಸ್ಕಿಯ ಬಂಡೆಗೆ ಬಹಳ ಹತ್ತಿರದವರು ರಾಯಚೂರಿನ ಅಶೋಕ ಗಸ್ತಿ. ಸಂಖ್ಯೆಯಲ್ಲಿ ಸಣ್ಣದಾದ ಸವಿತಾ ಸಮಾಜದಿಂದ ಬಂದು, ಪಕ್ಷದ ಕಾರ್ಯಕರ್ತರಾಗಿ ದುಡಿದು, 2020ರ ಜೂನ್‌ನಲ್ಲಿ ರಾಜ್ಯಸಭೆಗೆ ಆಯ್ಕೆಯಾದಾಗ ಜಿಲ್ಲೆಯೇ ಅಚ್ಚರಿಪಟ್ಟಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಕೋವಿಡ್ ಅವರನ್ನು ಕೊಂಡೊಯ್ದಿತು. ದೊಡ್ಡವರಿಗಷ್ಟೇ ಸಾಧ್ಯವೆಂದು ತಿಳಿಯಬೇಡಿ ಎಂದ ಕಲ್ಲಿನ ಮಾತಿಗೆ ಆ ಜೂನ್ ಸಾಕ್ಷಿಯಾಯಿತು. ಶೋಕವಿಲ್ಲದವನೆಂಬ ಹೆಸರು ಯಾರನ್ನೂ ಶೋಕದಿಂದ ಕಾಯುವುದಿಲ್ಲವೆಂಬುದಕ್ಕೆ ಆ ಸೆಪ್ಟೆಂಬರ್ ಸಾಕ್ಷಿಯಾಯಿತು.

ಹಾಗೆಂದು ಜನ ಈ ಹೆಸರನ್ನು ಇಡುವುದು ಬಿಟ್ಟಾರೆಯೆ? ಹೆಸರೆಂಬುದು ಭರವಸೆಯಲ್ಲ, ಹಾರೈಕೆ. ಈ ಸೀಮೆಯ ಆಡುಮಾತಿನಲ್ಲಿ ‘ಶ’ ಅನೇಕರ ನಾಲಗೆಯ ಮೇಲೆ ‘ಸ’ ಆಗುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅಶೋಕನಾದವನು ಸಂಜೆ ಓಣಿಯಲ್ಲಿ ‘ಅಸೋಕ’ನೇ. “ಏ ಅಸೋಕಾ, ಹೊತ್ತು ಮುಳುಗ್ತು, ಮನೀಗಿ ಬಾರೋ” ಎಂದು ತಾಯಿ ಕೂಗುತ್ತಾಳೆ. ಓದಿದವರು ಅದನ್ನು ತಿದ್ದಲು ಹೋದಾರು. ತಿದ್ದುವ ಅಗತ್ಯವಿಲ್ಲ. ಮಸ್ಕಿಯ ಬಂಡೆಯ ಮೇಲಿರುವುದೂ ಅದೇ ‘ಸ’.