ಅತಿಥಿಗೆ ತಕ್ಕ ಪ್ರೊಸೆಸರ್

‘ಅತಿಥಿ’, ‘ಆತಿಥೇಯ’ ಎಂಬ ಮಾತುಗಳು ಈಗ ಕಂಪ್ಯೂಟರಿಗೂ ಸಂದಿವೆ. ಒಂದು ಯಂತ್ರದೊಳಗೆ ತಂತ್ರಾಂಶದಿಂದಲೇ ಕಲ್ಪಿಸಿದ ಇನ್ನೊಂದು ಯಂತ್ರವೇ ಅತಿಥಿ. ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ‘ಕ್ಯೂಎಮು’ ಇಂಥ ತಂತ್ರಾಂಶ.

ಅತಿಥಿಗೆ ಯಾವ ಪ್ರೊಸೆಸರ್ ಕಾಣಬೇಕೆಂಬುದನ್ನು ನಾವು ಗೊತ್ತುಮಾಡಬಹುದು. ‘ಹೋಸ್ಟ್’ ಎಂದರೆ ಆತಿಥೇಯನ ಸಾಮರ್ಥ್ಯವೆಲ್ಲ ದೊರೆತು ಕೆಲಸ ಚುರುಕಾಗುವುದು. ಆದರೆ ಅಪಾಯವೂ ಉಂಟು. 2013ರ ಹ್ಯಾಸ್ವೆಲ್ ಪ್ರೊಸೆಸರ್ ಎವಿಎಕ್ಸ್2 ಎಂಬ ಆದೇಶಗಳನ್ನು ಬಲ್ಲದು. 2011ರ ಸ್ಯಾಂಡಿಬ್ರಿಡ್ಜ್ ಅರಿಯದು. ಮೊದಲನೆಯದರಲ್ಲಿ ನಡೆಯುತ್ತಿರುವ ಅತಿಥಿಯನ್ನು ಹಾಗೆಯೇ ಎರಡನೆಯದಕ್ಕೆ ಸಾಗಿಸಿದರೆ, ಅದರಲ್ಲಿನ ಕೆಲಸ ನಡುವೆಯೇ ಮುರಿದುಬೀಳಬಹುದು.

ಆದ್ದರಿಂದ ಒಂದೆಡೆ ನೆಲಸುವ ಅತಿಥಿಗೆ ‘ಹೋಸ್ಟ್’ ಸರಿ. ಯಂತ್ರದಿಂದ ಯಂತ್ರಕ್ಕೆ ಹೋಗಬೇಕಾದ ಅತಿಥಿಗೆ, ಅವುಗಳಲ್ಲಿ ಅತಿ ಹಳೆಯದೂ ಬಲ್ಲ ಮಾದರಿಯೇ ಲೇಸು. ಇಲ್ಲಿ ಅದು ಸ್ಯಾಂಡಿಬ್ರಿಡ್ಜ್. ವೇಗ ಕೊಂಚ ತಗ್ಗಿದರೂ ಕೆಲಸ ಕೆಡದು.